ಅಯ್ಯನೋರ ಕೈಗೆ ಕೊಡದ ಕಾಲು

ನನ್ನ ಮೊಮ್ಮಗಳು ಗೌರಿಗೆ ಕಲಬುರಗಿಯ ಒಂದು ದವಾಖಾನೆಯಲ್ಲಿ ಕೆಲಸ ಸಿಕ್ಕಿದೆ. ಬರೀ ಕಾಲು ನೋಡುವ ಕೆಲಸ. ಸಕ್ಕರೆ ಕಾಯಿಲೆಯವರ ಕಾಲು, ಆಣಿ ಎದ್ದ ಕಾಲು, ನರ ಉಬ್ಬಿದ ಕಾಲು, ಉಗುರು ಮಾಂಸದೊಳಗೆ ಬೆಳೆದ ಕಾಲು. ಸುದ್ದಿ ಕೇಳಿದಾಗಿನಿಂದ ನನಗೆ ಕೂತಲ್ಲಿ ಕೂರಲಾಗುತ್ತಿಲ್ಲ. ಓಣಿಯ ಎಲ್ಲ ಮನೆಗೂ ಹೋಗಿ ಹೇಳಿದೆ. ಹೇಳಿದ ಮನೆಗೇ ಇನ್ನೊಮ್ಮೆ ಹೋಗಿ ಹೇಳಿದೆ. "ನಿನ್ನೆ ಹೇಳೀರಲ್ರಿ ಅಯ್ಯನೋರ," ಎಂದರು. "ಇವತ್ತು ಮತ್ತ ಕೇಳ್ರಿ," ಎಂದೆ.

ಹೋದ ವಾರ ಅವಳು ನನ್ನನ್ನು ಕರೆದುಕೊಂಡು ಹೋಗಿ ತನ್ನ ಕೋಣೆ ತೋರಿಸಿದಳು. ಅಲ್ಲೊಂದು ಕುರ್ಚಿ ಇದೆ. ಗುಂಡಿ ಒತ್ತಿದರೆ ಪೇಶಂಟಿನ ಕಾಲು ತಾನೇ ಮೇಲೆದ್ದು ಅವಳ ಎದೆಮಟ್ಟಕ್ಕೆ ಬರುತ್ತದೆ. ನಾವು, ಹಳೆಯ ಕಾಲದ ಗಾಯ ಕಟ್ಟುವವರು, ಇಡೀ ಆಯುಷ್ಯ ಕುಕ್ಕರಗಾಲಲ್ಲಿ ಕೂತು, ಬೆನ್ನು ಬಗ್ಗಿಸಿ ಕಾಲು ತೊಳೆದವರು. ಹಣೆಗೆ ಕಟ್ಟಿಕೊಳ್ಳುವ ದೀಪ ಇದೆ, ಗಟ್ಟಿ ಚರ್ಮ ತಿಕ್ಕುವ ಮಷಿನ್ ಇದೆ, ದಿನಕ್ಕೆ ಎಷ್ಟು ಬೇಕೋ ಅಷ್ಟು ಹೊಸ ಗ್ಲೌಸ್ ಇವೆ. ಕಣ್ಣು ತುಂಬಿ ಬಂತು. ಹೊಟ್ಟೆಯಲ್ಲಿ ಕಿಚ್ಚೂ ಬಿತ್ತು. ಎರಡೂ ಖರೆ. ಆದರೆ ಆ ಕುರ್ಚಿಗಿಂತ, ದೀಪಕ್ಕಿಂತ ಹೆಚ್ಚಿನ ಒಂದು ಅನುಕೂಲ ಅವಳಿಗಿದೆ. ಅದು ಅವಳಿಗೂ ಗೊತ್ತಿಲ್ಲ. ಬಂದ ಪೇಶಂಟ್ ಕೂತು ಸುಮ್ಮನೆ ಕಾಲು ಚಾಚುತ್ತಾನೆ. ನನಗೆ ಹಾಗೆ ಚಾಚಿದವರು ಬಹಳ ಕಡಿಮೆ. ಅದನ್ನು ಹೇಳಬೇಕೆಂದೇ ಈ ಬರಹ. ಗೌರಿಯ ಜೊತೆಯವರೂ ಓದಲಿ.

ನಾನು ಓದಿದ್ದು ನಾಲ್ಕನೆಯ ಇಯತ್ತೆ. ಎಪ್ಪತ್ತರ ದಶಕದಲ್ಲಿ ಆಳಂದದಲ್ಲಿ ಕಸ ಹೊಡೆಯುವ ಆಳಾಗಿ ದವಾಖಾನೆ ಸೇರಿದೆ. ಅಲ್ಲಿಂದ ಅಫಜಲಪುರಕ್ಕೆ ಬದಲಿ ಆಯಿತು. ಅಲ್ಲಿ ಒಬ್ಬ ಹಿರಿಯ ಡ್ರೆಸ್ಸರ್ ನನಗೆ ಗಾಯ ತೊಳೆಯುವುದು, ಪಟ್ಟಿ ಸುತ್ತುವುದು ಕಲಿಸಿದರು. ಆಮೇಲೆ ಜೇವರ್ಗಿ. ಅಲ್ಲಿಯೇ ಹೆಚ್ಚು ವರ್ಷ ಕಳೆದೆ, ಅಲ್ಲಿಯೇ ನಿವೃತ್ತನಾದೆ.

ಗಾಯ ಕಟ್ಟುವ ಕೋಣೆಗೆ ಬರುತ್ತಿದ್ದದ್ದು ಹೆಚ್ಚಾಗಿ ಕಾಲುಗಳೇ. ಬೇಸಿಗೆಯಲ್ಲಿ ಹಿಮ್ಮಡಿ ಒಡೆದವರು. ಬಿರುಕಿನಲ್ಲಿ ಮಣ್ಣು ತುಂಬಿ, ಮೇಲೆ ಮೇಣ ಹಚ್ಚಿಕೊಂಡು, ಒಳಗೆ ಕೀವು ಮಾಡಿಕೊಂಡು ಬರುವರು. ಮಳೆಗಾಲದಲ್ಲಿ ಬೆರಳ ಸಂದಿಯಲ್ಲಿ ಕೆಸರುಹುಣ್ಣು. ಜಾಲಿಮುಳ್ಳು ಮುರಿದು ಒಳಗೇ ಉಳಿದವರು ವರ್ಷವಿಡೀ. ಆಣಿಯನ್ನು ಕ್ಷೌರದ ಬ್ಲೇಡಿನಿಂದ ತಾವೇ ಕೊಯ್ದುಕೊಂಡು, ಎರಡು ದಿನದ ಮೇಲೆ ಕುಂಟುತ್ತ ಬರುವ ಶೂರರೂ ಇದ್ದರು. ಹಿಟ್ಟಿನ ಗಿರಣಿಯಲ್ಲಿ ದಿನವಿಡೀ ನಿಲ್ಲುವವರಿಗೆ ಮೊಣಕಾಲ ಹಿಂದೆ ನರ ಹಗ್ಗದಂತೆ ಉಬ್ಬಿರುತ್ತಿತ್ತು. ಅವರಿಗೆ ಬೆರಳಿನ ಬುಡದಿಂದ ಹಿಡಿದು ಮೇಲಕ್ಕೆ ಪಟ್ಟಿ ಸುತ್ತಬೇಕು, ಮೇಲಿನಿಂದ ಕೆಳಕ್ಕೆ ಸುತ್ತಬಾರದು. ಇದನ್ನು ನೆನಪಿಡಿ. ನಾನು ನೋಡಿದ ಹೊಸಬರಲ್ಲಿ ಅರ್ಧ ಜನ ಮೊಣಕಾಲಿನಿಂದಲೇ ಶುರು ಮಾಡುತ್ತಿದ್ದರು.

ಈಗ ನನ್ನ ತೊಡಕು ಹೇಳುತ್ತೇನೆ. ನಮ್ಮದು ಅಯ್ಯನವರ ಮನೆತನ, ಅಂದರೆ ಜಂಗಮರು. ನಮ್ಮ ಕಡೆ ಭಕ್ತರ ಮನೆಗೆ ಅಯ್ಯನವರು ಹೋದರೆ ಹೊಸಿಲಲ್ಲೇ ಪಾದ ತೊಳೆದು ಒಳಗೆ ಕರೆಯುತ್ತಾರೆ. ದೊಡ್ಡ ದೊಡ್ಡ ಸಾವಕಾರರೂ ಬಗ್ಗಿ ಕಾಲು ಮುಟ್ಟಿ ಹಣೆಗೆ ಹಚ್ಚಿಕೊಳ್ಳುತ್ತಾರೆ. ಅಂಥ ಅಯ್ಯನ ಕೈ ಭಕ್ತನ ಕಾಲಿಗೆ ತಾಕಿದರೆ ಭಕ್ತನಿಗೆ ಪಾಪ ಸುತ್ತಿಕೊಳ್ಳುತ್ತದೆ ಎಂಬುದು ನಂಬಿಕೆ. ನನಗೆ ಸಿಕ್ಕ ಕೆಲಸವಾದರೋ ಭಕ್ತರ ಕಾಲು ತೊಳೆಯುವುದು. ಬಂದವರು ಮೊದಲು ನನಗೆ ನಮಸ್ಕಾರ ಮಾಡುವರು, ಆಮೇಲೆ ಕಾಲನ್ನು ಧೋತರದ ಅಂಚಿನಲ್ಲಿ ಮುಚ್ಚಿಕೊಂಡು, "ಆ ಇನ್ನೊಬ್ಬರು ಎಲ್ಲ್ಯಾರ್ರಿ?" ಎಂದು ಕೇಳುವರು.

ಆ ಇನ್ನೊಬ್ಬನೇ ದಾವಲಸಾಬ. ನಾನು ಜೇವರ್ಗಿಗೆ ಬಂದ ಒಂದೆರಡು ವರ್ಷಕ್ಕೆ ಅವನೂ ಡ್ರೆಸ್ಸರ್ ಆಗಿ ಬಂದ. ಆಳಂದದವನು. ತೆಳ್ಳನೆಯ ಮನುಷ್ಯ, ಬಾಯಲ್ಲಿ ಯಾವಾಗಲೂ ಲವಂಗ. ಭಕ್ತರ ಕಾಲು ಹೋಗಲಿ, ಮುಸಲ್ಮಾನರಾದರೂ ನನ್ನ ಕೈಗೆ ಬರಬೇಕಿತ್ತಲ್ಲ, ಅವರಿಗೆ ಯಾವ ಪಾಪದ ಅಂಜಿಕೆಯೂ ಇರಲಿಲ್ಲ. ಆದರೆ ಅವರಿಗೆ ದಾವಲಸಾಬ ತಮ್ಮ ಮಾತಿನವನು, ಅವನೊಡನೆ ಉರ್ದುವಿನಲ್ಲಿ ಮನಸ್ಸು ಬಿಚ್ಚಿ ನರಳಬಹುದು. ಹೀಗೆ ಎರಡೂ ಕಡೆಯಿಂದ ನನಗೆ ನಷ್ಟ. ಅವನ ಬೆಂಚಿನ ಮುಂದೆ ಸಾಲು, ನನ್ನ ಬೆಂಚಿನ ಮುಂದೆ ನಮಸ್ಕಾರ.

ಕೈಯೂ ಚೆನ್ನಾಗಿತ್ತು ಅವನದು. ಇದನ್ನು ಬರೆಯಲು ನನಗೆ ಇವತ್ತಿಗೂ ಇಷ್ಟವಿಲ್ಲ, ಆದರೆ ನೀವು ಕಲಿಯಬೇಕಲ್ಲ. ಆಗ ನಮ್ಮ ಕಡೆ ನಾರುಹುಣ್ಣು ಬಹಳ. ಮೆಟ್ಟಿಲ ಬಾವಿಯ ನೀರು ಕುಡಿದವರಿಗೆ ವರ್ಷದ ಮೇಲೆ ಕಣಕಾಲಿನಲ್ಲಿ ಗುಳ್ಳೆ ಎದ್ದು, ಒಡೆದು, ಅದರಿಂದ ಬಿಳಿ ದಾರದಂಥ ಹುಳ ತಲೆ ಹೊರಗೆ ಹಾಕುತ್ತಿತ್ತು. ದಾವಲಸಾಬ ಆ ಕಾಲನ್ನು ಬಕೀಟಿನ ನೀರಿನಲ್ಲಿ ಇಡಿಸಿ, ಹುಳ ಸಡಿಲಾಗುವ ತನಕ ಕಾಯುತ್ತಿದ್ದ. ಆಮೇಲೆ ಅದನ್ನು ಕಡ್ಡಿಪೆಟ್ಟಿಗೆಯ ಕಡ್ಡಿಗೆ ಸುತ್ತುವನು. ದಿನಕ್ಕೆ ಎರಡು ಬೆರಳಿನಷ್ಟು ಮಾತ್ರ. ಬಿಗಿಯಾಯಿತು ಅನ್ನಿಸಿದ ಕೂಡಲೇ ನಿಲ್ಲಿಸಿ, ಕಡ್ಡಿಯ ಸಮೇತ ಪಟ್ಟಿ ಕಟ್ಟಿ ಕಳಿಸುವನು.

"ಪೂರ್ತಿ ತಗೀರಲ್ರಿ ಸಾಬರ, ಹೊಲಕ್ಕ ಹೋಗಬೇಕು," ಎಂದು ಒಬ್ಬ ರೈತ ಅವಸರ ಮಾಡಿದ.

"ಏ ಕಾಕಾ, ಇದೇನು ಬಾವಿ ಹಗ್ಗ ಅಂತ ತಿಳದೀಯೇನು, ಜಗ್ಗಾಕ? ಸಬರ್ ಮಾಡು. ಅದು ಒಳಗ ಸುಖವಾಗಿ ಕುಂತದ. ಪುಸಲಾಯಿಸಿ ಕರೀಬೇಕು."

ಕಾಕಾ ಮನೆಗೆ ಹೋಗಿ ತಾನೇ ಜಗ್ಗಿದ. ಹುಳ ಒಳಗೇ ಹರಿದು ತುಂಡಾಯಿತು. ಮೂರನೆಯ ದಿನಕ್ಕೆ ಕಾಲು ಕುಂಬಳಕಾಯಿಯಾಗಿ ಚಕ್ಕಡಿಯಲ್ಲಿ ಬಂದ. ಆಗಲೂ ದಾವಲಸಾಬನೇ ಬೇಕು ಅಂದ. ನಾನು ಅಲ್ಲೇ ನಿಂತಿದ್ದೆ, ಕೈ ತೊಳೆದುಕೊಂಡು.

ಆಮೇಲೆ ಕೊಳವೆ ಬಾವಿ ಬಂದವು, ನೀರನ್ನು ಬಟ್ಟೆಯಲ್ಲಿ ಸೋಸುವುದನ್ನು ಮನೆಮನೆಗೆ ಹೋಗಿ ಕಲಿಸಿದರು. ತೊಂಬತ್ತರ ದಶಕ ಮುಗಿಯುವುದರೊಳಗೆ ನಾರುಹುಣ್ಣು ಹೇಳಹೆಸರಿಲ್ಲದಂತೆ ಹೋಯಿತು. ಗೌರಿ ಅದನ್ನು ಎಂದೂ ನೋಡುವುದಿಲ್ಲ. ನಾವು ಕಲಿತದ್ದರಲ್ಲಿ ಹೀಗೆ ಕೆಲವು ದಂಡವಾದವು. ಗಾಯ ತೊಳೆಯುವುದೂ ಬದಲಾಯಿತು. ಮೊದಲು ನೊರೆ ಬರುವ ಔಷಧ ಸುರಿದು, ಅದು ಬುಸುಗುಟ್ಟಿದರೆ ಗಾಯ ಸ್ವಚ್ಛವಾಯಿತೆಂದು ಪೇಶಂಟ್ ಖುಷಿಪಡುತ್ತಿದ್ದ. ಎಂಬತ್ತರ ದಶಕದಲ್ಲಿ ಬಂದ ಡಾಕ್ಟರು ಅದು ಹೊಸ ಮಾಂಸವನ್ನೂ ಸುಡುತ್ತದೆ, ಬರೀ ಸಲೈನ್ ನೀರಿನಲ್ಲಿ ತೊಳೆಯಿರಿ ಎಂದರು. ಬುಸುಗುಟ್ಟದ ಔಷಧವನ್ನು ಯಾರೂ ನಂಬಲಿಲ್ಲ. "ಬರೇ ನೀರು ಹಾಕಿ ಕಳಸ್ತಾರ" ಎಂದು ಬೈದುಕೊಂಡು ಹೋದರು.

ಇನ್ನು ಸಿದ್ದಣ್ಣ ಸಾವಕಾರನ ಕಾಲಿನ ಮಾತು. ಎಂಬತ್ತರ ದಶಕದ ನಡುವಿನದು.

ಅವನು ನೆಲೋಗಿಯವನು. ತೊಗರಿ ಬೆಳೆಯುತ್ತಿದ್ದ, ವ್ಯಾಪಾರವೂ ಇತ್ತು. ಸಕ್ಕರೆ ಕಾಯಿಲೆ ಹತ್ತಿ ಬಹಳ ವರ್ಷವಾಗಿ ಅಂಗಾಲು ಮರಗಟ್ಟಿತ್ತು. ತೊಗರಿ ಕೊಯ್ದ ಹೊಲದಲ್ಲಿ ಕೂಳೆ ಉಳಿದಿರುತ್ತದಲ್ಲ, ಗೂಟದಂತೆ ಚೂಪಾಗಿ, ಅದನ್ನು ಬರಿಗಾಲಿನಲ್ಲಿ ತುಳಿದಿದ್ದ. ಚುಚ್ಚಿದ್ದು ಅವನಿಗೆ ಗೊತ್ತೇ ಆಗಲಿಲ್ಲ. ಮನೆಗೆ ಬಂದು ಊಟ ಮಾಡಿ ಮಲಗಿದ. ಅವನ ಹೆಂಡತಿ ಶಾಂತಾಬಾಯಿ ಮುಂಜಾನೆ ಪಡಸಾಲೆಯಲ್ಲಿ ರಕ್ತದ ಹೆಜ್ಜೆ ನೋಡಿ, ಬೆಕ್ಕು ಏನನ್ನೋ ಹಿಡಿದು ತಂದಿದೆ ಅಂದುಕೊಂಡು ಸಾರಿಸಿದಳು. ಮರುದಿನವೂ ಹೆಜ್ಜೆ ಮೂಡಿತು. ಆಗ ಗಂಡನ ಕಾಲು ಎತ್ತಿ ನೋಡಿದಳು. ನೋವಿಲ್ಲವಾದ್ದರಿಂದ ಹಾಗೇ ಮಾಯುತ್ತದೆ ಎಂದು ಅವನು ಎರಡು ವಾರ ದೂಡಿದ. ನಮ್ಮಲ್ಲಿಗೆ ಬಂದಾಗ ಹೆಬ್ಬೆರಳಿನ ಬುಡದಲ್ಲಿ ಬೆರಳು ಹೋಗುವಷ್ಟು ಗಾಯ, ಕರಿ ಅಂಚು, ಬಾಗಿಲಿನ ತನಕ ವಾಸನೆ.

ನಮ್ಮ ಡಾಕ್ಟರು ಮೈಸೂರು ಕಡೆಯ ಹರೆಯದವರು. ಸತ್ತ ಮಾಂಸ ಕತ್ತರಿಸಿ ತೆಗೆದು, "ದಿನಾ ತೊಳೆದು, ಕಪ್ಪಗಾದದ್ದನ್ನ ಕತ್ತರಿಸ್ತಾ ಇರಬೇಕು. ಒಂದು ದಿನ ಬಿಟ್ಟರೂ ಮೇಲಕ್ಕೆ ಏರುತ್ತೆ. ಏರಿದರೆ ಕಲಬುರಗಿಗೆ ಕಳಿಸಿ ಮೊಣಕಾಲಿನ ಕೆಳಗೆ ತೆಗೆಸಬೇಕಾಗುತ್ತೆ," ಎಂದು ಅವನ ಮುಖಕ್ಕೇ ಹೇಳಿದರು. ವಾರ್ಡಿನಲ್ಲಿ ಬಾಗಿಲ ಪಕ್ಕದ ಮಂಚ ಕೊಟ್ಟರು. ಮೊದಲ ವಾರ ದಾವಲಸಾಬನೇ ತೊಳೆದ. ಆಮೇಲೆ ಅವನ ಮಗಳ ನಿಕಾ ಬಂತು. ಒಂದು ತಿಂಗಳ ರಜೆ ಹಾಕಿ ಆಳಂದಕ್ಕೆ ಹೋದ.

ಅವನು ಹೋದ ಮರುದಿನ ನಾನು ಇಸ್ತ್ರಿ ಅಂಗಿ ಹಾಕಿಕೊಂಡು ಬಂದೆ. ತಾಲೂಕಿನವರೆಲ್ಲ ಮಾತಾಡುತ್ತಿದ್ದ ಕಾಲು ಅದು. ಅದನ್ನು ನಾನು ಉಳಿಸಿದರೆ ದಾವಲಸಾಬ ತಿರುಗಿ ಬಂದು ನೋಡಲಿ ಎಂದು ನನ್ನ ಆಸೆ. ತಟ್ಟೆ, ಕತ್ತರಿ, ಅರಿವೆ ಎಲ್ಲ ಕುದಿಸಿಕೊಂಡು ಮಂಚದ ಹತ್ತಿರ ಹೋದರೆ ಸಾವಕಾರ ಎರಡೂ ಕಾಲು ಮಡಚಿ ಕಂಬಳಿಯೊಳಗೆ ಎಳೆದುಕೊಂಡ.

"ಅಯ್ಯನೋರ, ಶರಣ್ರಿ. ನೀವು ಹಿಂದ ಸರೀರಿ. ದಾವಲಸಾಬ ಬರಲಿ."

"ಅವ ಬರೂದು ತಿಂಗಳಾಗ್ತದ."

"ತಿಂಗಳ ಇರ್ತೇನಿ."

"ನೀ ಇರ್ತೀ, ಕಾಲು ಇರೂದಿಲ್ಲ ಸಾವಕಾರ."

"ಹೋದ್ರ ಹೋಗ್ಲಿ. ನಿಮ್ಮ ಕೈಯಾಗ ಈ ಹೊಲಸು ಕಾಲು ಕೊಟ್ಟು ಆ ಪಾಪ ಎಲ್ಲಿ ತೊಳಕೊಳ್ಳಲಿ? ನಮ್ಮಪ್ಪ ನಿಮ್ಮಪ್ಪನೋರ ಪಾದ ತೊಳದು ಊಟ ಮಾಡಿದಾಂವ."

ಡಾಕ್ಟರು ಬಂದು ಸಿಟ್ಟು ಮಾಡಿದರು. ತಾವೇ ಒಂದು ದಿನ ತೊಳೆದರು. ಆದರೆ ಇಡೀ ತಾಲೂಕಿಗೆ ಅವರೊಬ್ಬರೇ. ಹೆರಿಗೆ, ಹಾವು ಕಚ್ಚಿದವರು, ಪೊಲೀಸ್ ಕೇಸು ಎಲ್ಲ ಅವರ ತಲೆಯ ಮೇಲೆ. ಮರುದಿನ ಅವರಿಗೆ ಆಗಲಿಲ್ಲ. ಅದರ ಮರುದಿನ ಗಾಯದ ಅಂಚು ಮತ್ತೆ ಕಪ್ಪಾಯಿತು, ಪಾದದ ಮೇಲೆ ಕೆಂಪು ಏರಿತು. ನಾನು ದೂರ ನಿಂತು ನೋಡಿದೆ. ನನ್ನ ಕೈ ತುರಿಸುತ್ತಿತ್ತು. ಆಳಂದದಲ್ಲಿ ಬಿರ್ಯಾನಿ ಉಣ್ಣುತ್ತಿರುವ ಮನುಷ್ಯನ ಹೆಸರು ಇಲ್ಲಿ ಗಳಿಗೆಗೊಮ್ಮೆ ಕೇಳಿಬರುತ್ತಿತ್ತು: ದಾವಲಸಾಬ ಇದ್ದಿದ್ದರ, ದಾವಲಸಾಬ ಬಂದ ಮ್ಯಾಲ.

ದಾರಿ ತೋರಿಸಿದವಳು ಶಾಂತಾಬಾಯಿ. ಬುತ್ತಿ ಬಿಚ್ಚುತ್ತ ಗಂಡನಿಗೆ ಹೇಳಿದಳು:

"ಅಲ್ರೀ, ಅಯ್ಯನೋರು ಮನೀಗೆ ಬಂದ್ರ ಮೊದಲ ಪಾದ ತೊಳೀತೀರಿ ಹೌದಿಲ್ಲೋ?"

"ಹೌದು."

"ಇಲ್ಲೂ ದಿನಾ ಮೊದಲ ನೀವು ಅವರ ಕಾಲು ತೊಳೀರಿ. ಆಮ್ಯಾಲ ಅವರು ನಿಮ್ಮ ಕಾಲು ತೊಳೀಲಿ. ಲೆಕ್ಕ ಬರೋಬ್ಬರಿ ಆಗ್ತದ. ಪಾಪ ಎಲ್ಲಿ ಉಳೀತು?"

ಸಾವಕಾರ ರೊಟ್ಟಿ ಕೈಯಲ್ಲಿ ಹಿಡಿದುಕೊಂಡೇ ನನ್ನ ಕಡೆ ತಿರುಗಿದ. "ಅಯ್ಯನೋರ, ಇದು ನಡೀತದೇನ್ರಿ?"

ನಡೆಯುತ್ತದೋ ಇಲ್ಲವೋ ನನಗೇನು ಗೊತ್ತು. "ಭೇಷ್ ನಡೀತದ," ಎಂದೆ.

ಅವತ್ತು ಸಂಜೆಯೇ ಶುರುವಾಯಿತು. ನಾನು ಸ್ಟೂಲಿನ ಮೇಲೆ ಕೂತೆ. ಸಾವಕಾರ ಕೆಳಗೆ ಚಾಪೆಯ ಮೇಲೆ, ಹುಣ್ಣಿನ ಕಾಲು ಮುಂದಕ್ಕೆ ಚಾಚಿಕೊಂಡು. ಶಾಂತಾಬಾಯಿ ನೀರು ಹಾಕಿದಳು. ಅವನು ನನ್ನ ಕಾಲನ್ನು ನಿಧಾನವಾಗಿ ತೊಳೆದ. ಬೆರಳಿನ ಸಂದಿ ಸಂದಿಗೆ ಕೈ ಹಾಕಿದ. ಶಲ್ಯದಿಂದ ಒಂದು ಹನಿ ನೀರೂ ಉಳಿಯದಂತೆ ಒರೆಸಿದ. ಆಮೇಲೆ ಹಿಮ್ಮಡಿ ಎತ್ತಿ ದೀಪದ ಕಡೆ ತಿರುಗಿಸಿ ಹೇಳಿದ: "ಒಡದಾವಲ್ರಿ ಅಯ್ಯನೋರ. ಒಳಗ ಹರಳು ಹೊಕ್ಕದ. ತಕಲೀಫ್ ಆಗೂದಿಲ್ಲೇನು?"

ನನಗೆ ನಗು ಬಂತು. "ನನ್ನ ಕಾಲಾಗಿನ ಹರಳು ಕಾಣ್ತದ ನಿನಗ. ನಿನ್ನ ಕಾಲಾಗ ಗೂಟ ಹೋದ್ರ ಕಾಣಲಿಲ್ಲ. ದಿನಾ ನನ್ನ ಕಾಲು ತೊಳದಂಗ ನಿಂದೂ ತೊಳದು, ಒರಸಿ, ತಿರುವಿ ನೋಡಿದ್ರ ಇಲ್ಲಿ ಮಲಗತಿದ್ದಿಲ್ಲ."

"ನಮ್ಮ ಕಾಲು ನಾವು ಹಿಂಗ ನೋಡ್ತೇವೇನ್ರಿ?" ಎಂದು ಅವನು ಕೇಳಿದ. ತಮಾಷೆಗಲ್ಲ, ಖರೆಯಾಗಿಯೇ ಕೇಳಿದ.

ಆಮೇಲೆ ಕಾಲು ಕೊಟ್ಟ. ಕಣ್ಣು ಗಟ್ಟಿ ಮುಚ್ಚಿಕೊಂಡು, ದೇವರ ಹೆಸರು ಹೇಳುತ್ತ ಕೊಟ್ಟ. ನಾನು ಸಲೈನ್ ನೀರು ಹಾಕಿ, ಕಪ್ಪಾದದ್ದನ್ನು ಕತ್ತರಿಸುತ್ತ ರಕ್ತ ಜಿನುಗುವ ತನಕ ಹೋದೆ. ರಕ್ತ ಬಂದರೆ ಜೀವ ಇದೆ ಎಂದರ್ಥ. ಒದ್ದೆ ಅರಿವೆ ಗಾಯಕ್ಕೆ, ಒಣ ಅರಿವೆ ಮೇಲೆ.

ನಾಲ್ಕೈದು ದಿನ ಹೀಗೆ ನಡೆದ ಮೇಲೆ ಒಮ್ಮೆ ಡಾಕ್ಟರು ಅನಿರೀಕ್ಷಿತವಾಗಿ ಒಳಗೆ ಬಂದರು. ಅವರು ಕಂಡದ್ದು ಏನು ಹೇಳಿ? ಡ್ರೆಸ್ಸರ್ ಸ್ಟೂಲಿನ ಮೇಲೆ ಕಾಲು ಇಳಿಬಿಟ್ಟು ಕೂತಿದ್ದಾನೆ, ಪೇಶಂಟ್ ನೆಲದ ಮೇಲೆ ಕೂತು ಅವನ ಪಾದ ಒರೆಸುತ್ತಿದ್ದಾನೆ, ಪೇಶಂಟಿನ ಹೆಂಡತಿ ಹೂ ಏರಿಸುತ್ತಿದ್ದಾಳೆ.

"ಏನ್ರೀ ರೇವಣಯ್ಯ, ಇದು ಆಸ್ಪತ್ರೆನೋ ಮಠಾನೋ?"

ನಾನು ಎದ್ದು ನಿಲ್ಲಲು ಹೋದರೆ ಒಂದು ಕಾಲು ಇನ್ನೂ ಬೋಗುಣಿಯಲ್ಲಿತ್ತು. ಶಾಂತಾಬಾಯಿ ನನ್ನ ಪರವಾಗಿ ಹೇಳಿದಳು: "ಸಾಹೇಬ್ರ, ಇದು ಆದ ಮ್ಯಾಲ ಅವರದು ಆಗ್ತದ. ಸ್ವಲ್ಪ ನಿಂದ್ರಿ."

ಡಾಕ್ಟರು ಬಗ್ಗಿ ಸಾವಕಾರನ ಪಟ್ಟಿ ಬಿಚ್ಚಿ ನೋಡಿದರು. ಅಂಚು ಕೆಂಪಗೆ, ವಾಸನೆ ಇಲ್ಲ. ಪಾದದ ಮೇಲಿನ ಕೆಂಪು ಇಳಿದಿತ್ತು. ಪಟ್ಟಿ ಮುಚ್ಚಿ, "ಮುಂದುವರಿಸಿ," ಎಂದರು. ಹೊರಗೆ ಹೋಗುವಾಗ, "ಬಾಗಿಲು ಹಾಕ್ಕೊಂಡು ಮುಂದುವರಿಸಿ," ಎಂದರು.

ದಾವಲಸಾಬ ತಿರುಗಿ ಬಂದ. ಮಗಳ ನಿಕಾದ ಮಿಠಾಯಿ ಡಬ್ಬಿ ಹಿಡಿದುಕೊಂಡು ವಾರ್ಡಿನ ಬಾಗಿಲಲ್ಲಿ ನಿಂತನೋ ಇಲ್ಲವೋ, ಸಾವಕಾರನ ಮುಖ ಅರಳಿತು. "ಬಂದ್ರಿ ಸಾಬರ, ಬಂದ್ರಿ," ಎಂದು ಕಾಲನ್ನು ಕಂಬಳಿಯಿಂದ ಹೊರಗೆ ಹಾಕಿದ. ಒಂದು ತಿಂಗಳು ನಾನು ತೊಳೆದ ಕಾಲು. ಕತ್ತರಿ ನನ್ನ ಕೈಯಲ್ಲೇ ಇತ್ತು. ಅದನ್ನು ತಟ್ಟೆಯಲ್ಲಿ ಸಪ್ಪಳ ಬರುವಂತೆ ಇಟ್ಟೆ. ದುಃಖಕ್ಕಲ್ಲ, ಹೊಟ್ಟೆಕಿಚ್ಚಿಗೆ.

ದಾವಲಸಾಬ ಪಟ್ಟಿ ಬಿಚ್ಚಿದ. ಬಹಳ ಹೊತ್ತು ನೋಡಿದ.

"ನಾ ಹೋಗೂವಾಗ ಇದರಾಗ ಬೆರಳು ಹೋಗ್ತಿತ್ತು. ಈಗ ಕಡ್ಲಿಕಾಳು ಕೂಡೂ ಅಷ್ಟ ಜಾಗ ಉಳದದ. ಸಾವಕಾರ, ಇದು ಅಯ್ಯನೋರ ಕೈ. ಇದಕ್ಕ ಬರಕತ್ ಅದ, ಕೈಗುಣ ಅದ. ನಾ ಯಾಕ ನಡು ಬರ್ಲಿ?" ಎಂದು ಪಟ್ಟಿ ಹಾಗೇ ಮುಚ್ಚಿ, ನನ್ನ ಬಾಯಿಗೆ ಒಂದು ಪೇಢೆ ಹಾಕಿದ.

ಇಡೀ ವಾರ್ಡು ಕೇಳುತ್ತಿತ್ತು. ಆಗ ಜನ ಏನಂದರು ಗೊತ್ತೇ? "ಎಂಥಾ ದೊಡ್ಡ ಮನಸ್ಸು ದಾವಲಸಾಬಂದು." ಮಾಡಿದವನು ನಾನು, ಹೊಗಳಿಸಿಕೊಂಡವನು ಅವನು. ಕೆಟ್ಟವನಾಗಿದ್ದರೆ ಮನಸ್ಸು ಬಿಚ್ಚಿ ದ್ವೇಷಿಸಬಹುದಿತ್ತು. ಆ ಮನುಷ್ಯ ಅದಕ್ಕೂ ಜಾಗ ಕೊಡಲಿಲ್ಲ.

ಸಾವಕಾರ ಊರಿಗೆ ಹೋದ. ಮೋಚಿಯ ಹತ್ತಿರ ದಪ್ಪ ರಬ್ಬರಿನ ಚಪ್ಪಲಿ ಮಾಡಿಸಿ, ಗಾಯದ ಜಾಗದ ಕೆಳಗೆ ಕುಳಿ ತೋಡಿಸಿಕೊಟ್ಟೆ, ಭಾರ ಅಲ್ಲಿ ಬೀಳದಿರಲಿ ಎಂದು. ವಾರಕ್ಕೊಮ್ಮೆ ನೆಲೋಗಿಯಿಂದ ಬಸ್ಸಿನಲ್ಲಿ ಬರುತ್ತಿದ್ದ. ಬಂದಾಗಲೆಲ್ಲ ಚೀಲದಿಂದ ತಂಬಿಗೆ ತೆಗೆದು, ಮೊದಲು ನನ್ನ ಕಾಲು ತೊಳೆದು, ಆಮೇಲೆಯೇ ತನ್ನದನ್ನು ಕೊಡುತ್ತಿದ್ದ. ಉಳಿದ ಭಕ್ತರು ಬೆಂಚಿನ ಮೇಲೆ ಕೂತು ನೋಡುವರು. ನೋಡಿ ದಾವಲಸಾಬನ ಸಾಲಿನಲ್ಲಿ ನಿಲ್ಲುವರು. ಎಲ್ಲರಿಗೂ ತಂಬಿಗೆ ತರುವುದಾಗುತ್ತದೆಯೇ?

ಗಾಯ ಪೂರ್ತಿ ಮುಚ್ಚಿತು. ಮುಚ್ಚಿದ ಮೇಲೂ ಸುತ್ತ ಗಟ್ಟಿ ಚರ್ಮ ಬೆಳೆಯುತ್ತದೆ; ಅದನ್ನು ಆಗಾಗ ಹೆರೆಯದಿದ್ದರೆ ಅದರ ಕೆಳಗೇ ಮತ್ತೆ ಹುಣ್ಣಾಗುತ್ತದೆ. ಸಕ್ಕರೆ ಕಾಯಿಲೆಯವರ ಕಾಲು ಮಾಯಿತು ಎಂದು ಎಂದೂ ಕೈಬಿಡಬೇಡಿ. ಆ ಹೆರೆಯುವ ಕೆಲಸಕ್ಕೇ ಅವನು ಒಂದು ಸಂತೆಯ ದಿನ ಬಂದ. ಕೋಣೆ ತುಂಬಿತ್ತು, ಬೆಂಚು ತುಂಬಿತ್ತು, ಹೊರಗೆ ನೆಲೋಗಿಯ ಬಸ್ಸು ಆಗಲೇ ಹಾರ್ನ್ ಹೊಡೆಯುತ್ತಿತ್ತು. ಸಾವಕಾರ ಬಾಗಿಲಿನಿಂದ ನೇರ ನನ್ನ ಮುಂದೆ ಬಂದ, ಚಪ್ಪಲಿ ಕಳೆದ, ಕೂತ, ಕಾಲನ್ನು ನನ್ನ ತೊಡೆಯ ಮೇಲೆ ಇಟ್ಟ.

"ಲಗೂ ಹೆರೀರಿ ಅಯ್ಯನೋರ, ಈ ಬಸ್ ತಪ್ಪಿದ್ರ ಸಂಜೀ ತನಾ ಇಲ್ಲೇ ಕೂಡಬೇಕಾಗ್ತದ."

ತಂಬಿಗೆ ಚೀಲದಲ್ಲೇ ಉಳಿದಿತ್ತು; ಬೆಂಚಿನ ಮೇಲಿನವರೆಲ್ಲ ತಿರುಗಿ ನೋಡಿದರು. ಅವನಿಗೆ ಮಾತ್ರ ಗೊತ್ತಾಗಲಿಲ್ಲ. ಕಿಟಕಿಯಲ್ಲಿ ಬಸ್ಸು ನೋಡುತ್ತಿದ್ದ. ನಾನು ಹೆರೆದೆ, ಎಣ್ಣೆ ಹಚ್ಚಿದೆ. ಅವನು ಚಪ್ಪಲಿ ಮೆಟ್ಟಿಕೊಂಡು, ಎರಡೂ ಕಾಲು ಸಮನಾಗಿ ಊರುತ್ತ ಬಸ್ಸಿನ ಕಡೆ ಓಡಿದ.

ಆಮೇಲೆ ದಾವಲಸಾಬನ ಸಾಲಿನಲ್ಲಿ ಮೂರನೆಯವಳಾಗಿ ನಿಂತಿದ್ದ ಅಂದೋಲಾ ಊರಿನ ಒಬ್ಬ ಮುದುಕಿ ಸೆರಗು ಸರಿ ಮಾಡಿಕೊಂಡು ನನ್ನ ಕಡೆ ಬಂದಳು. "ಅಷ್ಟು ದೊಡ್ಡ ಸಾವಕಾರನೇ ಕಾಲು ಕೊಟ್ಟಾನ. ನಂದೇನು ಮಹಾ? ಈ ಆಣಿ ನೋಡ್ರಿ ಅಯ್ಯನೋರ," ಎಂದು ಕಾಲು ಚಾಚಿದಳು. ಅವಳ ಹಿಂದೆ ಇನ್ನಿಬ್ಬರು ಎದ್ದರು.

ದಾವಲಸಾಬ ಚಿಮಟ ಹಿಡಿದುಕೊಂಡು ನಿಂತಿದ್ದ. ಲವಂಗ ಅಗಿಯುವುದು ನಿಂತಿತ್ತು.

"ಅಯ್ಯನೋರ, ಆ ಮುದುಕಿ ಹೋದ ವಾರದಿಂದ ನನ್ನ ಪೇಶಂಟ್ ಇದ್ದಾಳ್ರಿ," ಎಂದ.

ಆ ದನಿಯನ್ನು ನಾನು ಎಲ್ಲಿ ಬೇಕಾದರೂ ಗುರುತಿಸುತ್ತಿದ್ದೆ. ಎಷ್ಟೋ ವರ್ಷ ಅದು ನನ್ನ ಹೊಟ್ಟೆಯೊಳಗೇ ಇತ್ತು. ನಾನು ತಲೆ ಎತ್ತಲಿಲ್ಲ. ಮುದುಕಿಯ ಹಿಮ್ಮಡಿಯನ್ನು ಅಂಗೈಯಲ್ಲಿ ಹಿಡಿದು ಬೆಳಕಿಗೆ ತಿರುಗಿಸಿಕೊಂಡೆ. "ಇಲ್ಲೂ ಸಾಲು ಹಚ್ರಿ," ಎಂದು ಬಾಗಿಲ ಕಡೆ ಕೂಗಿದೆ, "ಒಬ್ಬೊಬ್ಬರಾಗಿ ಬರ್ರಿ."